ಹನ್ನೊಂದು ಅಂಕಿಯ ತಂಗಿ

ನವೆಂಬರ್ 3, ಸೋಮವಾರ

ಇವತ್ತು ಅಮ್ಮ ನನ್ನ ಊಟದ ಚೀಲದಲ್ಲಿ ಊಟ ಇಟ್ಟಿರಲಿಲ್ಲ. ಮಧ್ಯಾಹ್ನ ಆಫೀಸಿನಲ್ಲಿ ಹಸಿದು ಬಿಚ್ಚಿದರೆ ಒಳಗೊಂದು ಬಟ್ಟೆಯ ಗಂಟು, ಗಂಟಿನೊಳಗೆ ಒಂದು ಪುಟ್ಟ ಹೊದಿಕೆ, ಹೊದಿಕೆಯೊಳಗೆ ಒಂದು ಲೇಹ್ಯದ ಬಾಟಲಿ. ಫೋನ್ ಮಾಡಿದೆ. ಅಪ್ಪ ಹೋಟೆಲಿನಲ್ಲಿದ್ದಾರೆ, ಮನೆಯಲ್ಲಿ ಅಮ್ಮನ ಹೊರತು ಒಂದು ನರಪಿಳ್ಳೆಯೂ ಇಲ್ಲ, ಆದರೂ ಅಮ್ಮ ಪಿಸುಗುಟ್ಟಿದರು: "ಅದು ಅಲ್ಲಿಗೆ ಕಳಿಸ್ಲಿಕ್ಕೆ."

ನಮ್ಮ ಮನೆಯ ಭಾಷೆಯಲ್ಲಿ ಎರಡು ವರ್ಷದಿಂದ ‘ಅಲ್ಲಿ’ ಎಂದರೆ ಬ್ರೆಜಿಲ್, ‘ಅವಳು’ ಎಂದರೆ ನನ್ನ ತಂಗಿ. ಅಪ್ಪ ನನಗೆ ನಿರೀಕ್ಷಾ ಎಂದೂ ತಂಗಿಗೆ ಮೋಕ್ಷಾ ಎಂದೂ ಹೆಸರಿಟ್ಟವರು. ಯಾರಿಗೆ ಏನು ಸಿಗಬೇಕೆಂಬುದು ನಾಮಕರಣದ ದಿನವೇ ತೀರ್ಮಾನವಾಗಿತ್ತು. ನಾನು ಕದ್ರಿಯಲ್ಲಿ ಆಡಿಟರ ಕಚೇರಿಯಲ್ಲಿ ಊರವರ ರಿಟರ್ನ್ ತುಂಬುತ್ತಾ ಕುಳಿತೆ. ಅವಳು ಹೋದವಳು ರಿಟರ್ನ್ ಆಗಲೇ ಇಲ್ಲ. ಬಂದರಿನಲ್ಲಿರುವ ನಮ್ಮ ಮೀನೂಟದ ಹೋಟೆಲನ್ನು ನೋಡಿಕೊಳ್ಳಲಿ ಎಂದು ಅಪ್ಪ ಅವಳನ್ನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಿದರು. ಅವಳು ಅನುಭವಕ್ಕೆಂದು ಪ್ರವಾಸಿ ಹಡಗಿನ ಅಡುಗೆಮನೆ ಸೇರಿದಳು. ಅದೇ ಹಡಗಿನ ಇಂಜಿನ್ ನೋಡಿಕೊಳ್ಳುವ ರಫಾಯೆಲ್ ಎಂಬವನನ್ನು ಮದುವೆಯಾಗಿ ಸಾಂತೋಸ್ ಎಂಬ ಊರಿನಲ್ಲಿ ಇಳಿದುಬಿಟ್ಟಳು. ಅದೂ ಒಂದು ಬಂದರಂತೆ. ನಮ್ಮ ಬಂದರಿನ ಹೋಟೆಲಿಗೆ ಊರವರೆಲ್ಲ ಬಂದರು, ಅವಳೊಬ್ಬಳು ಬರಲಿಲ್ಲ.

ಮದುವೆಯ ವಿಷಯ ನಮಗೆ ಗೊತ್ತಾದದ್ದು ಅಂಚೆಯಲ್ಲಿ ಬಂದ ಕಾರ್ಡಿನಿಂದ. ಇಪ್ಪತ್ತನಾಲ್ಕು ವರ್ಷ ನನ್ನ ಕೋಣೆಯಲ್ಲೇ, ನನ್ನ ಫ್ಯಾನಿನ ಕೆಳಗೇ ಮಲಗಿದವಳು ನನಗೂ ಕಾರ್ಡನ್ನೇ ಕಳಿಸಿದ್ದಳು. ನನಗೇನೂ ಸಿಟ್ಟಿಲ್ಲ. ಮಾತಾಡುವುದಿಲ್ಲ, ಅಷ್ಟೆ.

ಅಪ್ಪನಿಗೆ ಸಿಟ್ಟುಂಟು. "ಅವಳ ಹೆಸರಿಗೆ ಈ ಮನೆಯಿಂದ ಒಂದು ಹುಣಸೆಬೀಜ ಸಹ ಹೋಗಬಾರದು" ಎಂದು ಅವತ್ತೇ ಹೇಳಿದ್ದಾರೆ. ಆದರೆ ಅವಳು ದಿನಾ ವಾಟ್ಸಾಪಿನಲ್ಲಿ ಹಾಕುವ ಸ್ಟೇಟಸನ್ನು ನೋಡಬಾರದು ಎಂದು ಯಾರೂ ಹೇಳಲಿಲ್ಲವಲ್ಲ. ಹಾಗಾಗಿ ಅಮ್ಮ ಅಡುಗೆಮನೆಯಲ್ಲಿ ನೋಡುತ್ತಾರೆ, ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ನೋಡುತ್ತಾರೆ, ನಾನು ಅಮ್ಮ ನೋಡಿದರಾ ಎಂದು ನೋಡುವುದಕ್ಕಾಗಿ ನೋಡುತ್ತೇನೆ. ಯಾರು ನೋಡಿದರು ಎಂಬುದು ಅವಳಿಗೂ ಕಾಣುತ್ತದೆ. ಯಾರೂ ಒಂದಕ್ಷರ ಬರೆಯುವುದಿಲ್ಲ. ಅವಳ ಮನೆಯ ಪರದೆ, ಅವಳ ಬೆಕ್ಕು, ಅವಳು ಮಾಡಿದ ನೀರುದೋಸೆ, ಜುಲೈಯಿಂದ ಅವಳ ಹೊಟ್ಟೆ, ಎಲ್ಲವೂ ನಮಗೆ ಗೊತ್ತು. ಹೆರಿಗೆ ಡಿಸೆಂಬರ್ ನಡುವಿಗೆ ಎಂಬುದೂ ಗೊತ್ತು.

ಹುಟ್ಟಿದ ಮಗುವಿಗೆ ಮೊದಲು ಮನೆಯ ಹಳೇ ಸೀರೆಯೇ ಸೋಕಬೇಕು, ಅಂಗಡಿಯ ಹೊಸಬಟ್ಟೆ ಸೋಕಬಾರದು ಎಂಬುದು ಅಮ್ಮನ ಶಾಸ್ತ್ರ. ಅಜ್ಜಿಯ ಒಂದು, ತನ್ನದೊಂದು ಸೀರೆ ಕತ್ತರಿಸಿ ಪದರ ಹಾಕಿ ಹೊಲಿದಿದ್ದಾರೆ. ಮೂರನೆಯ ಪದರವನ್ನು ನೋಡಿದರೆ ನನ್ನ ಕಾಲೇಜಿನ ಫೇರ್‌ವೆಲ್ ಸೀರೆ. ನನ್ನನ್ನು ಕೇಳಲೂ ಇಲ್ಲ. ನನ್ನ ಫೇರ್‌ವೆಲ್ ಸೀರೆ ಕೂಡ ನನಗಿಂತ ಮೊದಲು ವಿದೇಶಕ್ಕೆ ಹೊರಟಿತು.

ಸಂಜೆ ಲಿಲ್ಲಿಬಾಯಿಯ ಕೊರಿಯರ್ ಅಂಗಡಿಗೆ ಹೋದೆ. ಆಫೀಸಿನ ಪಕ್ಕದ ಮೆಟ್ಟಿಲ ಕೆಳಗಿನ ಅಂಗಡಿ. ಲೇಹ್ಯವನ್ನು ಮೂಸಿ, ತಿನ್ನುವ ವಸ್ತು ಹೋಗುವುದಿಲ್ಲ ಎಂದು ಬದಿಗಿಟ್ಟರು. ಹೊದಿಕೆ ಅಡ್ಡಿಯಿಲ್ಲವಂತೆ. ಮದುವೆ ಕಾರ್ಡಿನ ಹಿಂದಿದ್ದ ವಿಳಾಸ ಕೊಟ್ಟೆ, ಟೈಪ್ ಮಾಡಿದರು. ಆಮೇಲೆ ಕೈ ನಿಲ್ಲಿಸಿ, "ಪಾರ್ಟಿಯ ಟ್ಯಾಕ್ಸ್ ನಂಬರ್ ಹೇಳಿ" ಎಂದರು.

ನನ್ನದಲ್ಲ, ಪಡೆಯುವವರದ್ದು. ನಮಗೆ ಪ್ಯಾನ್ ಇದ್ದ ಹಾಗೆ ಅಲ್ಲಿಯವರಿಗೆ ಸಿಪಿಎಫ್ ಎಂಬ ಹನ್ನೊಂದು ಅಂಕಿಯ ನಂಬರಂತೆ. ಅದಿಲ್ಲದೆ ಒಂದು ಕರವಸ್ತ್ರವೂ ಆ ದೇಶದೊಳಗೆ ಹೋಗುವುದಿಲ್ಲವಂತೆ. ಕರವಸ್ತ್ರಕ್ಕೂ ಕರವೇ ಎಂದೆ. ಲಿಲ್ಲಿಬಾಯಿಗೆ ಹೆಸರಿನಲ್ಲಿ ಮಾತ್ರ ಬಾಯಿ; ನಗಲಿಕ್ಕೆ ಅದನ್ನು ತೆರೆಯುವುದಿಲ್ಲ. "ಫೋನ್ ಮಾಡಿ ಕೇಳಿ ಮಾರಾಯ್ತಿ, ಒಂದು ನಿಮಿಷದ ಕೆಲಸ" ಎಂದರು.

ಗಂಟನ್ನು ವಾಪಸು ತಂದೆ.

ನವೆಂಬರ್ 4, ಮಂಗಳವಾರ

ಅಮ್ಮನಿಗೆ ರಾತ್ರಿ ನಿದ್ದೆ ಬಂದಿಲ್ಲ, ಆದರೆ ಉಪಾಯ ಬಂದಿದೆ. ಬೆಳಿಗ್ಗೆ ಅಪ್ಪ ಬೆಂಗ್ರೆಯ ದೋಣಿಯವರಿಂದ ಮೀನು ತರಲು ಹೊರಟದ್ದೇ ತಡ, ನನ್ನನ್ನು ಬಚ್ಚಲ ಬಾಗಿಲಿನಲ್ಲೇ ಹಿಡಿದರು. ವಾದ ಹೀಗೆ: ಅಪ್ಪ ಬೇಡ ಎಂದದ್ದು ಅವಳ ಹೆಸರಿಗೆ. ಮಗುವಿನ ಹೆಸರಿಗೆ ಕಳಿಸಬಾರದು ಎಂದಿಲ್ಲ. ನಮ್ಮಲ್ಲಿ ಮಗು ಸೇರುವುದು ತಾಯಿಯ ಬಳಿಗೆ, ಅಂದರೆ ತಾಯಿಯ ಮನೆತನಕ್ಕೆ. ಅಮ್ಮನ ಬಳಿಯೇ ನನ್ನದು, ಅವಳದ್ದು, ನಾಳೆ ಆ ಮಗುವಿನದ್ದು. ಅಪ್ಪನದ್ದು ಬೇರೆ ಬಳಿ. "ನಮ್ಮ ಬಳಿಯ ಮಗುವಿಗೆ ನಾವು ಎಂತ ಬೇಕಾದರೂ ಕಳಿಸ್ತೇವೆ. ನಿನ್ನ ಅಪ್ಪ ಯಾರು ಅದಕ್ಕೆ ಮಾತಾಡ್ಲಿಕ್ಕೆ?"

ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡನನ್ನು ಅಮ್ಮ ಒಂದೇ ವಾಕ್ಯದಲ್ಲಿ ನೆಂಟರ ಸಾಲಿಗೆ ತಳ್ಳಿದರು. ನಮ್ಮ ಆಡಿಟರಿಗೆ ಇಷ್ಟು ಚೆನ್ನಾಗಿ ಅಪೀಲು ಬರೆಯಲು ಬರುವುದಿಲ್ಲ.

ಆದರೆ ಹುಟ್ಟದ ಮಗುವಿಗೆ ಟ್ಯಾಕ್ಸ್ ನಂಬರು ಎಲ್ಲಿಂದ? ದಾರಿಯುದ್ದಕ್ಕೂ ಅದೇ ಯೋಚನೆ. ಕೂಳೂರು ಸೇತುವೆಯ ಮೇಲೆ ಬಸ್ಸು ಎಂದಿನಂತೆ ನಿಂತಿತು. ನಿಂತ ಬಸ್ಸಿನಲ್ಲಿ ನನಗೆ ಹೊಳೆಯಿತು. ನಮ್ಮ ಕಚೇರಿಯಲ್ಲಿ ಪ್ರಾಯ ತುಂಬದ ಮಕ್ಕಳ ಲೆಕ್ಕಕ್ಕೆ ಪೋಷಕರ ನಂಬರು ಹಾಕುತ್ತೇವೆ. ಅಮ್ಮನ ಶಾಸ್ತ್ರದ ಪ್ರಕಾರ ಮಗು ನಮ್ಮ ಮನೆತನದ್ದು. ಹೆತ್ತವಳನ್ನು ಬಿಟ್ಟರೆ ಅದರ ಪೋಷಕಿ ಯಾರು? ದೊಡ್ಡಮ್ಮ. ದೊಡ್ಡಮ್ಮ ಯಾರು? ನಾನು. ನನ್ನ ಹತ್ತಿರ ಪ್ಯಾನ್ ಉಂಟು. ಫೋನ್ ಮಾಡುವ ಅಗತ್ಯವೇ ಇಲ್ಲ.

ಪಡೆಯುವವರ ಹೆಸರು: ಮಗು. ಟ್ಯಾಕ್ಸ್ ನಂಬರು: ನನ್ನದು. ಕಳಿಸುವವಳು: ನಾನು. ಲಿಲ್ಲಿಬಾಯಿ ಅನುಮಾನದಿಂದ ನೋಡಿದರು, ಆದರೆ ಅವರ ಕಂಪ್ಯೂಟರಿಗೆ ಏನಾದರೊಂದು ತುಂಬಿದರೆ ಸಾಕು, ಒಪ್ಪಿಕೊಂಡಿತು. ಬ್ರೆಜಿಲ್ ದೇಶದ ದೃಷ್ಟಿಯಲ್ಲಿ ಈಗ ಸಾಂತೋಸಿನಲ್ಲಿ ಹುಟ್ಟಲಿರುವ ಮಗು ನಾನೇ. ಈ ಪ್ರಾಯದಲ್ಲಿ ಪುನರ್ಜನ್ಮ. ಮೋಕ್ಷಕ್ಕಿಂತ ಅಗ್ಗ.

ನವೆಂಬರ್ 7, ಶುಕ್ರವಾರ

ಪಾರ್ಸೆಲ್ ಮುಂಬೈ ಬಿಟ್ಟಿದೆ. ಇದು ನನಗೆ ಸಂಬಂಧವಿಲ್ಲದ ವಿಷಯ, ಅಮ್ಮ ಕೇಳುತ್ತಾರೆ ಎಂದು ಫೋನಿನಲ್ಲಿ ನೋಡುತ್ತೇನೆ. ಇವತ್ತು ಅಮ್ಮ ಎರಡು ಸಲ ಕೇಳಿದರು. ನಾನು ಒಂಬತ್ತು ಸಲ ನೋಡಿದೆ. ನೆಟ್ ಸರಿ ಇರಲಿಲ್ಲ.

ಅಪ್ಪನಿಗೆ ಪಾರ್ಸೆಲ್ ಎಂದರೆ ಒಂದೇ ಅರ್ಥ, ಬಾಳೆಲೆಯಲ್ಲಿ ಕಟ್ಟಿದ ಊಟ. ರಾತ್ರಿ ಅಮ್ಮ ಬಾಯಿ ತಪ್ಪಿ "ಪಾರ್ಸೆಲ್ ಎಲ್ಲಿಗೆ ಮುಟ್ಟಿತು" ಎಂದು ನನ್ನನ್ನು ಕೇಳಿಬಿಟ್ಟರು. "ಯಾರಿಗೆ ಊಟ ಕಟ್ಟಿದ್ದು?" ಎಂದು ಅಪ್ಪ ತಲೆ ಎತ್ತಿದರು. ಆಫೀಸಿನವರಿಗೆ ಎಂದೆ. ಯಾವ ಮೀನು ಎಂದರು. ಬಂಗುಡೆ ಎಂದೆ. ಸುಳ್ಳಿಗೂ ಮುಳ್ಳಿರುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡಿತು.

ನವೆಂಬರ್ 13, ಗುರುವಾರ

ಕುರಿತಿಬಾ ಎಂಬ ಊರಿನಲ್ಲಿ ನಿಂತಿದೆ. ವಿದೇಶದಿಂದ ಬಂದದ್ದನ್ನೆಲ್ಲ ಅಲ್ಲಿ ತಪಾಸಣೆ ಮಾಡುತ್ತಾರಂತೆ. ಊರಿನ ಹೆಸರು ಕೇಳಿದರೆ ‘ಬಾ’ ಎಂದು ಕರೆಯುತ್ತಿರುವಂತಿದೆ. ಹೋದರೆ ಒಳಗೆ ಬಿಡುವುದಿಲ್ಲ. ‘ಪಡೆಯುವವರ ತೆರಿಗೆ ಸಂಖ್ಯೆ ಸರಿಯಿಲ್ಲ, ತಡೆಹಿಡಿಯಲಾಗಿದೆ.’

ಅಮ್ಮನಿಗೆ ಹೇಳಲಿಲ್ಲ. ಹೊರಟಿದೆ, ಹೋಗುತ್ತಾ ಇದೆ ಎಂದೆ.

ನವೆಂಬರ್ 14, ಶುಕ್ರವಾರ

ಲಿಲ್ಲಿಬಾಯಿಗೆ ಹೇಳಿದೆ, ನಮ್ಮ ಸಂಪ್ರದಾಯದಲ್ಲಿ ಮಗು ತಾಯಿಯ ಮನೆತನದ್ದು, ಆ ಲೆಕ್ಕದಲ್ಲಿ ನನ್ನ ನಂಬರು ಸರಿಯೇ ಇದೆ ಎಂದು. ಅವರು ಟೇಪು ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅದನ್ನು ಕಸ್ಟಮ್ಸಿನವರಿಗೆ ಯಾರು ಹೇಳುವುದು, ನಾನಾ?" ಎಂದರು.

ವಿಷಯ ಇಷ್ಟು: ಅಲ್ಲಿ ಬದುಕಿರುವ, ಸ್ವಂತ ನಂಬರಿರುವ ಒಬ್ಬ ಮನುಷ್ಯನ ಹೆಸರಿಗೆ ತಿದ್ದುಪಡಿ ಹಾಕಬೇಕು. ಕಳಿಸಿದವರೇ ಹಾಕಬೇಕು. ಡಿಸೆಂಬರ್ ಐದರೊಳಗೆ ಹಾಕಬೇಕು. ಇಲ್ಲದಿದ್ದರೆ ವಾಪಸು. ವಾಪಸು ಬರುತ್ತದೆ ಎಂಬ ಗ್ಯಾರಂಟಿಯೂ ಇಲ್ಲ. ಎಷ್ಟೋ ಸಲ ಅಲ್ಲಿಯೇ ನಾಶ ಮಾಡುತ್ತಾರಂತೆ.

ನಾಶ ಎಂದರೆ ಹೇಗೆ ಎಂದು ಕೇಳಿದೆ. ಸುಡುತ್ತಾರೋ ಏನೋ, ನಾನು ನೋಡಲಿಲ್ಲ ಎಂದರು. ಅಜ್ಜಿಯನ್ನು ಸುಟ್ಟದ್ದಾಯಿತು, ಈಗ ಅಜ್ಜಿಯ ಸೀರೆಯನ್ನೂ ಸುಡುವುದೆಂದರೆ ಹೇಗೆ. ಇದರ ಮೇಲೆ ಒಂದು ತಮಾಷೆ ಹೊಳೆಯಿತು, ಬರೆಯುವುದು ಬೇಡ.

ನವೆಂಬರ್ 16, ಭಾನುವಾರ

ಅವಳ ಸ್ಟೇಟಸಿನಲ್ಲಿ ಬೆಳಿಗ್ಗೆ ಬೆಕ್ಕೂ ಇಲ್ಲ, ಹೊಟ್ಟೆಯೂ ಇಲ್ಲ. ಅಲ್ಲಿಯ ಅಂಚೆಯವರು ಅವಳ ವಿಳಾಸಕ್ಕೆ ಕಳಿಸಿದ ನೋಟಿಸಿನ ಫೋಟೊ. ನನ್ನ ಹೆಸರು ಇಂಗ್ಲಿಷಿನಲ್ಲಿ, ಮಂಗಳೂರು ಎಂಬುದೂ, ನನ್ನ ಪ್ಯಾನ್ ನಂಬರೂ, ಮಗು ಎಂಬುದೂ. ಕೆಳಗೆ ಅವಳು ಕನ್ನಡದಲ್ಲಿ ಒಂದೇ ಸಾಲು ಬರೆದಿದ್ದಳು: ‘ದೊಡ್ಡಮ್ಮ ಎಂತದೋ ಕಳಿಸಿದ್ದಾಳೆ.’

ನೋಡಿ ಫೋನನ್ನು ದಿಂಬಿನ ಕೆಳಗಿಟ್ಟೆ. ತೆಗೆದು ಪುನಃ ನೋಡಿದೆ.

ಭಾನುವಾರ ಅಪ್ಪ ಹೋಟೆಲಿನಿಂದ ಬೇಗ ಬರುತ್ತಾರೆ. ಊಟಕ್ಕೆ ಕುಳಿತಾಗ ಅಮ್ಮ ನನ್ನ ಮುಖ ನೋಡಲಿಲ್ಲ, ನಾನು ಅಮ್ಮನ ಮುಖ ನೋಡಲಿಲ್ಲ, ಅಪ್ಪ ಇಬ್ಬರನ್ನೂ ನೋಡದೆ ಕಾಣೆಮೀನಿನ ಮುಳ್ಳು ಬಿಡಿಸುತ್ತಿದ್ದರು. ಮೂವರೂ ನೋಡಿದ್ದೇವೆ ಎಂಬುದು ಮೂವರಿಗೂ ಗೊತ್ತು. ನಾಲ್ಕನೆಯವಳಿಗೂ ಅಲ್ಲಿ ಪಟ್ಟಿಯಲ್ಲಿ ಕಂಡಿರುತ್ತದೆ. ಕೈ ತೊಳೆದು ಬಂದ ಮೇಲೆ ಅಪ್ಪ ಟವೆಲಿಗೆ ಹೇಳುವಂತೆ ಹೇಳಿದರು: "ಟ್ಯಾಕ್ಸಿನ ಆಫೀಸಿನಲ್ಲಿ ಹತ್ತು ವರ್ಷ ಕೆಲಸ. ಯಾರ ನಂಬರ್ ಎಲ್ಲಿ ಹಾಕ್ಬೇಕು ಅಂತ ಗೊತ್ತಿಲ್ಲ."

ಯಾಕೆ ಕಳಿಸಿದೆ ಎಂದು ಕೇಳಲಿಲ್ಲ. ನಂಬರು ಯಾಕೆ ತಪ್ಪಿತು ಎಂದು ಮಾತ್ರ ಬೇಸರ. ಬಳಿಯ ವಾದವನ್ನು ಮಂಡಿಸಲು ಸೆರಗು ಸಿಕ್ಕಿಸಿ ನಿಂತಿದ್ದ ಅಮ್ಮನಿಗೆ ಅವಕಾಶವೇ ಸಿಗಲಿಲ್ಲ, ಸ್ವಲ್ಪ ನಿರಾಶೆಯಾದಂತಿತ್ತು.

ನವೆಂಬರ್ 17, ಸೋಮವಾರ

ಅವಳಿಗೆ ಮೆಸೇಜು ಬರೆದೆ. ಬರೆದೆ ಎಂದರೆ, ಆಫೀಸಿನಲ್ಲಿ ಕಕ್ಷಿದಾರರಿಗೆ ಕಳಿಸುವ ಒಕ್ಕಣೆಯನ್ನೇ ತೆಗೆದು ಹೆಸರು ಬದಲಿಸಿದೆ. ‘ಮಾನ್ಯರೇ, ತಮ್ಮ ತೆರಿಗೆ ಸಂಖ್ಯೆಯನ್ನು ತುರ್ತಾಗಿ ಒದಗಿಸಿ ಸಹಕರಿಸಬೇಕಾಗಿ ವಿನಂತಿ. ನಿಗದಿತ ದಿನಾಂಕದೊಳಗೆ ಒದಗಿಸದಿದ್ದಲ್ಲಿ ಮುಂದಿನ ಪರಿಣಾಮಗಳಿಗೆ ನಾವು ಜವಾಬ್ದಾರರಲ್ಲ.’

ಎರಡು ವರ್ಷದ ನಂತರದ ಮೊದಲ ಮಾತು. ನಗು ಬರುವ ಹಾಗಿದೆ ಎಂದುಕೊಂಡೇ ಕಳಿಸಿದ್ದು.

ಅರ್ಧ ಗಂಟೆಯಲ್ಲಿ ಉತ್ತರ: ‘ಫೋನ್ ಮಾಡಿ ಕೇಳು.’

ಅಷ್ಟೆ. ಮಾನ್ಯರೇ ಎಂದರೂ ಮಾನ್ಯ ಮಾಡಲಿಲ್ಲ. ನಂಬರು ಟೈಪು ಮಾಡಲು ಹನ್ನೊಂದು ಸಲ ಬೆರಳೊತ್ತಿದರೆ ಸಾಕು. ಅದರ ಬದಲು ಹಟ. ಹಟ ಮಾಡುವವಳು ಅವಳು, ನಾನಲ್ಲ.

ನವೆಂಬರ್ 18, ಮಂಗಳವಾರ

ಫೋನ್ ಮಾಡಲಿಲ್ಲ. ಆಫೀಸಿನಲ್ಲಿ ಕೆಲಸ.

ನವೆಂಬರ್ 19, ಬುಧವಾರ

ಕೆಲಸ.

ನವೆಂಬರ್ 21, ಶುಕ್ರವಾರ

ಸ್ಟೇಟಸಿನಲ್ಲಿ ಅವಳ ಪಾದಗಳು. ಬಕೆಟಿನ ನೀರಿನಲ್ಲಿ ಇಳಿಬಿಟ್ಟಿದ್ದಾಳೆ, ಊದಿ ಬನ್ಸಿನ ಹಾಗಾಗಿವೆ. ಒಂದು ಕಾಲದಲ್ಲಿ ಈ ಪಾದಗಳು ನಿದ್ದೆಯಲ್ಲಿ ನನ್ನ ಬೆನ್ನಿಗೆ ಒದೆಯುತ್ತಿದ್ದವು. ಅಮ್ಮ ಫೋನನ್ನು ಕಣ್ಣಿಗೆ ತಾಗಿಸಿಕೊಂಡು, ಇಷ್ಟು ಊದಬಾರದು ಎಂದರು. ಕೆಲವರಿಗೆ ಊದುತ್ತದಮ್ಮಾ ಎಂದೆ. "ನೀನು ಎಷ್ಟು ಹೆತ್ತಿದ್ದಿ?" ಎಂದರು. ನಿರೀಕ್ಷೆ ಇದೆ ಎಂದು ಹೇಳಬಹುದಿತ್ತು. ನನ್ನ ಹೆಸರಿನ ಮೇಲೆ ನಾನೇ ಮಾಡುವ ಈ ತಮಾಷೆ ಯಾವತ್ತೂ ಸೋತದ್ದಿಲ್ಲ. ಹೇಳಲಿಲ್ಲ.

ಆಫೀಸಿನಲ್ಲಿ ಗೂಗಲಿನಲ್ಲಿ ಹುಡುಕಿದೆ, ಪಾದ ಊದುವುದು, ಒಂಬತ್ತನೇ ತಿಂಗಳು. ಹುಡುಕಬಾರದಿತ್ತು.

ನವೆಂಬರ್ 23, ಭಾನುವಾರ

ನಿನ್ನೆ ಸ್ಟೇಟಸ್ ಇರಲಿಲ್ಲ. ಇವತ್ತೂ ಇಲ್ಲ.

ನವೆಂಬರ್ 24, ಸೋಮವಾರ

ಇಲ್ಲ. ದೊಡ್ಡ ವಿಷಯವೇನಲ್ಲ. ಎಲ್ಲರೂ ದಿನಾ ಹಾಕಬೇಕೆಂದು ಕಾನೂನಿಲ್ಲ. ಒಬ್ಬ ಕಕ್ಷಿದಾರರ ಮೊತ್ತವನ್ನು ಇನ್ನೊಬ್ಬರ ಹೆಸರಿಗೆ ಹಾಕಿ ಬೈಗುಳ ತಿಂದೆ. ಸಂಜೆ ಬಸ್ಸಿನಲ್ಲಿ ಇಳಿಯುವಲ್ಲಿ ಇಳಿಯಲಿಲ್ಲ, ಸುರತ್ಕಲ್ ತನಕ ಹೋಗಿ ವಾಪಸು ಬಂದೆ.

ಮನೆಗೆ ಬಂದರೆ ಅಪ್ಪ ಅಂಗಳದಲ್ಲಿ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದರು. "ನಿನ್ನದರಲ್ಲಿ ನೆಟ್ ಉಂಟಾ?" ಎಂದರು. ಉಂಟು ಎಂದೆ. "ಎಲ್ಲ ಬರ್ತದಾ? ಸ್ಟೇಟಸ್ ಎಲ್ಲ?" ಬೇರೆಯವರದ್ದು ಬರುತ್ತದೆ ಎಂದೆ. ಅಪ್ಪ ಫೋನನ್ನು ಅಂಗಿಯ ಜೇಬಿಗೆ ಹಾಕಿ ತುಳಸಿಕಟ್ಟೆಗೆ ಒಂದು ಸುತ್ತು ಬಂದರು. ಅವರು ಸುತ್ತು ಬರುವವರಲ್ಲ.

ನವೆಂಬರ್ 26, ಬುಧವಾರ

ಇಲ್ಲ.

ಅನ್ನ ಮುದ್ದೆಯಾಗಿತ್ತು. ಅಡುಗೆಮನೆಯ ಗಡಿಯಾರವನ್ನು ಅಮ್ಮ ಎಂಟೂವರೆ ಗಂಟೆ ಹಿಂದಕ್ಕೆ ತಿರುಗಿಸಿ ಇಟ್ಟಿದ್ದಾರೆ, ಸಾಂತೋಸಿನ ಸಮಯಕ್ಕೆ. ಈಗ ಅವಳು ಏಳುತ್ತಾಳೆ, ಈಗ ತಿಂಡಿ, ಈಗ ಆಸ್ಪತ್ರೆಗೆ ಹೋದಳೋ ಏನೋ ಎಂದು ಅದನ್ನು ನೋಡುತ್ತಾ ನಮ್ಮ ಅಕ್ಕಿ ಬೇಯಿಸುತ್ತಾರೆ. ಅಪ್ಪ ನೀರು ಕುಡಿಯಲು ಒಳಗೆ ಬಂದವರು ಗಡಿಯಾರ ನೋಡಿದರು, ತಮ್ಮ ಕೈಗಡಿಯಾರ ನೋಡಿದರು. ಸರಿ ಮಾಡಲಿಲ್ಲ. ಎಲ್ಲಿಯ ಸಮಯ ಎಂದು ಕೇಳಲೂ ಇಲ್ಲ. ಮುದ್ದೆಯಾದ ಅನ್ನವನ್ನು ಹೋಟೆಲಿನ ಯಜಮಾನರು ಸದ್ದಿಲ್ಲದೆ ಉಂಡರು.

ಮೆಸೇಜು ಕಳಿಸಿದೆ: ‘ಎಲ್ಲ ಸರಿ ಉಂಟಾ?’ ಒಂದೇ ಗೀಟು ಬಂದಿದೆ. ಇನ್ನೂ ಎರಡಾಗಿಲ್ಲ, ಅವಳ ಫೋನಿಗೆ ಮುಟ್ಟಿಲ್ಲ.

ನವೆಂಬರ್ 27, ಗುರುವಾರ

ಒಂದೇ ಗೀಟು.

ಲಿಲ್ಲಿಬಾಯಿ ಮೆಟ್ಟಿಲಲ್ಲಿ ಅಡ್ಡಹಾಕಿ ತಾರೀಕು ನೆನಪಿಸಿದರು. ಇನ್ನೊಂದು ವಾರ ಉಂಟು, ಆಮೇಲೆ ನನ್ನನ್ನು ದೂರಬೇಡಿ ಎಂದರು. ಯಾವುದಕ್ಕೆ ಎಂದು ಒಂದು ಕ್ಷಣ ನೆನಪಾಗಲಿಲ್ಲ.

ರಫಾಯೆಲನ ಫೋನ್ ನಂಬರು ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಮದುವೆ ಕಾರ್ಡನ್ನು ಎಲ್ಲ ಕಡೆ ತಿರುಗಿಸಿ ನೋಡಿದೆ. ಎರಡು ವರ್ಷದಲ್ಲಿ ಅವಳ ಪರದೆಯ ಬಣ್ಣ ಗೊತ್ತು, ಬೆಕ್ಕಿಗೆ ಏನು ಹಾಕುತ್ತಾಳೆ ಗೊತ್ತು. ಬಿದ್ದರೆ ಎತ್ತಲು ಯಾರಿದ್ದಾರೆ ಗೊತ್ತಿಲ್ಲ.

ನವೆಂಬರ್ 28, ಶುಕ್ರವಾರ

ಬೆಳಿಗ್ಗೆ ನೋಡಿದರೆ ಗೀಟು ಎರಡಾಗಿ ನೀಲಿಯಾಗಿತ್ತು. ಓದಿದ್ದಾಳೆ. ಉತ್ತರವಿಲ್ಲ. ಓದಿದ್ದು ಅವಳೇ ಎಂದು ಹೇಗೆ ಹೇಳುವುದು? ಆಸ್ಪತ್ರೆಯಲ್ಲಿ ಫೋನು ಗಂಡನ ಕೈಯಲ್ಲಿರಬಹುದು. ಅವನಿಗೆ ಕನ್ನಡ ಓದಲು ಬಾರದು.

ಆಫೀಸಿಗೆ ರಜೆ ಹಾಕಿದೆ. ರಜೆ ಹಾಕಿ ಏನು ಮಾಡುವುದೆಂದು ಗೊತ್ತಾಗದೆ ಮಧ್ಯಾಹ್ನ ಆಫೀಸಿಗೇ ಹೋದೆ.

ನವೆಂಬರ್ 29, ಶನಿವಾರ

ಸಂಜೆ ಅಡುಗೆಮನೆಯ ಗಡಿಯಾರದಲ್ಲಿ ಬೆಳಗಿನ ಹತ್ತು ಗಂಟೆ. ಅಮ್ಮ ಒಲೆಯ ಮುಂದೆ, ಅಪ್ಪ ಜಗಲಿಯಲ್ಲಿ. ಹೋಟೆಲು ಬಿಟ್ಟು ಶನಿವಾರ ಸಂಜೆ ಮನೆಯಲ್ಲಿ ಯಾಕೆ ಕುಳಿತಿದ್ದಾರೆಂದು ಯಾರೂ ಕೇಳಲಿಲ್ಲ. ನಾನು ಊಟದ ಮೇಜಿನ ಹತ್ತಿರ ನಿಂತುಕೊಂಡೇ ಅವಳ ನಂಬರು ಒತ್ತಿದೆ. ಯೋಚನೆ ಮಾಡಿ ಒತ್ತಿದ್ದಲ್ಲ. ಬೆರಳು ಅಲ್ಲಿತ್ತು.

ಎರಡನೇ ರಿಂಗಿಗೆ ತೆಗೆದಳು.

"ನಾನು" ಎಂದೆ.

"ಗೊತ್ತು. ಹೆಸರು ಬರ್ತದೆ."

"ನೀನು ಸರಿ ಉಂಟಾ? ಮಗು ಸರಿ ಉಂಟಾ? ಒಂದು ವಾರದಿಂದ ನಿನ್ನ ಸುದ್ದಿ ಇಲ್ಲ. ಆಸ್ಪತ್ರೆಯಲ್ಲಿದ್ದಿಯಾ?"

"ಮನೆಯಲ್ಲೇ ಇದ್ದೇನೆ. ಕಾಲು ಇಳಿದಿದೆ. ಮಗು ಒದೀತಾ ಉಂಟು."

"ಮತ್ತೆ ಸ್ಟೇಟಸ್ ಯಾಕೆ ಹಾಕ್ಲಿಲ್ಲ?"

ಹಿಂದೆ ಎಲ್ಲೋ ನೀರು ಬೀಳುವ ಸದ್ದು. "ಹಾಕಿದ್ರೆ ನೀವು ಮೂರು ಜನ ನೋಡ್ತೀರಿ. ನೋಡಿ, ಆಯ್ತು ಅವಳು ಬದುಕಿದ್ದಾಳೆ ಅಂತ ಮಲಗ್ತೀರಿ. ಹಾಕದಿದ್ರೆ, ಎರಡು ದಿನ ನೆಟ್ಟೂ ಬಂದ್ ಮಾಡಿದ್ರೆ, ಯಾರಾದ್ರೂ ಫೋನ್ ಮಾಡ್ತೀರಾ ಅಂತ ನೋಡಿದೆ."

"ಮೆಸೇಜ್ ಹಾಕಿದ್ದೆನಲ್ಲ."

"ಮೆಸೇಜಿಗೆ ಸ್ವರ ಉಂಟಾ?"

ಇದಕ್ಕೆ ಕೊಡಬಹುದಾದ ಉತ್ತರಗಳು ಮೂರು ಹೊಳೆದವು, ಮೂರೂ ಚೆನ್ನಾಗಿದ್ದವು. ಮೂರನ್ನೂ ಬದಿಗಿಟ್ಟೆ. ಒಲೆ ಆರಿಸಿದ ಸದ್ದು ಕೇಳಿತು. ಅಮ್ಮ ಬಾಗಿಲಲ್ಲಿ ನಿಂತಿದ್ದರು, ಸೌಟು ಕೈಯಲ್ಲೇ ಇತ್ತು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅಮ್ಮ ಕೇಳಿದ್ದು ಒಂದೇ, ಮಲಗುವಾಗ ಎಡಮಗ್ಗುಲಿಗೆ ಮಲಗುತ್ತೀಯಾ ಎಂದು. ಹೌದು ಅಂದಳು. ಅಮ್ಮ ಸೌಟಿನ ಸಮೇತ ಕುರ್ಚಿಯಲ್ಲಿ ಕುಳಿತರು.

"ಮತ್ತೆ, ನಂಬರ್ ಬೇಕಾ?" ಎಂದಳು ಮೋಕ್ಷಾ.

"ಯಾವ ನಂಬರ್?" ಎಂದೆ.

ಆ ಕಡೆಯಿಂದ ನಗು. ಅದೇ ನಗು, ಮೂಗಿನಲ್ಲಿ ಶುರುವಾಗುವುದು. "ನನ್ನ ಸಿಪಿಎಫ್ ಮಾರಾಯ್ತಿ. ಮಾನ್ಯರೇ ಅಂತ ಬರೆದಿದ್ದಿಯಲ್ಲ. ಪಾರ್ಸೆಲ್ ಅಲ್ಲೇ ಕೊಳೀತಾ ಉಂಟು."

ನಾನು ಪೆನ್ನಿಗಾಗಿ ಕೈ ಚಾಚಿದೆ. ಅದರ ಮೊದಲೇ ಹಿಂದಿನಿಂದ ಒಂದು ಕೈ ಬಂದು ಮೇಜಿನ ಮೇಲೆ ಹೋಟೆಲಿನ ಆರ್ಡರ್ ಪುಸ್ತಕ ಇಟ್ಟಿತು. ಅಪ್ಪ. ಜಗಲಿಯಿಂದ ಯಾವಾಗ ಎದ್ದು ಬಂದರೋ. ಕನ್ನಡಕ ಹಾಕಿಕೊಂಡು, ಹಾಳೆಯ ನಡುವೆ ಕಾರ್ಬನ್ ಸರಿಪಡಿಸಿ, ಪೆನ್ನಿನ ಮುಚ್ಚಳ ತೆಗೆದು, ಫೋನಿನ ಕಡೆ ನೋಡದೆ ನನಗೆ ಹೇಳಿದರು: "ಹೇಳ್ಲಿಕ್ಕೆ ಹೇಳು."

ಆ ಕಡೆ ನೀರಿನ ಸದ್ದು ನಿಂತಿತು.

"ಅಪ್ಪ ಬರೀತಾರಾ?" ಎಂದು ಕೇಳಿದಳು. ಸ್ವರ ಸಣ್ಣದಾಗಿತ್ತು.

"ಬರೀತಾರೆ" ಎಂದೆ.

ಅವಳು ಒಂದೊಂದೇ ಅಂಕಿ ಹೇಳತೊಡಗಿದಳು. ಫೋನಿನಲ್ಲಿ ಮೀನಿನ ಆರ್ಡರು ಬರೆದುಕೊಳ್ಳುವಾಗ ಮಾಡುವ ಹಾಗೆ ಅಪ್ಪ ಪ್ರತಿಯೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳುತ್ತಾ ಬರೆದರು. ಅವಳು ಮೂರು ಎಂದರೆ ಅಪ್ಪ ಮೂರು. ಅವಳು ಸೊನ್ನೆ ಎಂದರೆ ಅಪ್ಪ ಸೊನ್ನೆ. ಏಳು. ಏಳು. ನಡುವೆ ಎಲ್ಲಿಯೋ ಅವಳು "ಹೌದು ಅಪ್ಪ" ಎಂದಳು, ಅಪ್ಪ "ಹ್ಞೂಂ, ಮುಂದೆ" ಎಂದರು. ಎರಡು ವರ್ಷದಲ್ಲಿ ಈ ಮನೆಯಲ್ಲಿ ಇಷ್ಟು ಲೆಕ್ಕ ಯಾರೂ ಇಷ್ಟು ನಿಧಾನವಾಗಿ ಬರೆದಿರಲಿಕ್ಕಿಲ್ಲ. ಕೊನೆಯದು ಎಂಟು. ಅಪ್ಪ ಎಂಟು ಎಂದರು, ಬರೆದರು, ಪೆನ್ನು ಎತ್ತಿದರು.

ಇನ್ನು ಫೋನ್ ಇಡಬೇಕಷ್ಟೆ.

ಅಪ್ಪ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ಅಲ್ಲ, ದೂರಕ್ಕೆ ಹಿಡಿದು ನೋಡಿದರು. ಪೆನ್ನಿನ ತುದಿಯಿಂದ ಒಂದೊಂದನ್ನೇ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಹತ್ತೇ ಉಂಟು. ಒಂದು ಬಿಟ್ಟುಹೋಗಿದೆ. ಮೊದಲಿನಿಂದ ಹೇಳ್ಲಿಕ್ಕೆ ಹೇಳು" ಎಂದರು.

ನಾನು ಬಗ್ಗಿ ನೋಡಿದೆ. ಎಣಿಸಿದೆ. ಹನ್ನೊಂದೂ ಇದ್ದವು, ಗುಂಡಗೆ, ಸಾಲಾಗಿ, ಕಾರ್ಬನ್ನಿನ ಅಡಿಯ ಹಾಳೆಗೂ ಇಳಿದಿದ್ದವು. ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಹೌದು ಮೋಕು" ಎಂದೆ ಫೋನಿಗೆ. "ಒಂದು ಬಿಟ್ಟುಹೋಗಿದೆ. ಪುನಃ ಹೇಳು. ನಿಧಾನ ಹೇಳು."